ಸಾಮಾನ್ಯ ಖಾತೆಯಲ್ಲಿ ಲಾಗಿನ್ ಆದಾಗಲೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೇಳುವ ಸ್ಟಾರ್ಟಪ್ ಸ್ಕ್ರಿಪ್ಟ್: ದಾರಿ ಯಾವುದು?

ಕಲಬುರಗಿ ಓದುಕೋಣೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗಾಗಿ ನಡೆಯುವ ಒಂದು ಓದುಕೋಣೆಯ 14 ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಎಲ್ಲವೂ ಹಳೆಯ ಯಂತ್ರಗಳು, ವಿಂಡೋಸ್ 10 ಪ್ರೊ ಇದೆ. ವಿದ್ಯಾರ್ಥಿಗಳಿಗೆ ಸಾಮಾನ್ಯ ಖಾತೆ ಕೊಟ್ಟಿದ್ದೇನೆ; ಅಡ್ಮಿನ್ ಖಾತೆಯ ಪಾಸ್‌ವರ್ಡ್ ನನ್ನೊಬ್ಬನ ಬಳಿ ಇದೆ.

ಲಾಗಿನ್ ಆದ ಕೂಡಲೇ ಓಡುವ ಒಂದು ಬ್ಯಾಚ್ ಫೈಲನ್ನು (ಸಾಲಾಗಿ ಬರೆದ ಆಜ್ಞೆಗಳ ಸ್ಕ್ರಿಪ್ಟ್) ಎಲ್ಲ ಬಳಕೆದಾರರ ಸ್ಟಾರ್ಟಪ್ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಅದು ಮಾಡುವ ಕೆಲಸ ನಾಲ್ಕು: ಗಡಿಯಾರವನ್ನು ಇಂಟರ್ನೆಟ್ಟಿನೊಂದಿಗೆ ಸರಿಹೊಂದಿಸುವುದು, ಪ್ರಿಂಟಿಗೆ ಕಳಿಸಿದ ಫೈಲುಗಳನ್ನು ಸಾಲಿನಲ್ಲಿಡುವ ಪ್ರಿಂಟ್ ಸ್ಪೂಲರನ್ನು ನಿಲ್ಲಿಸಿ ಸಿಕ್ಕಿಕೊಂಡ ಫೈಲುಗಳನ್ನು ಅಳಿಸಿ ಮತ್ತೆ ಆರಂಭಿಸುವುದು, ಪ್ರಶ್ನೆಪತ್ರಿಕೆಗಳಿರುವ ಹಂಚಿಕೆಯ ಫೋಲ್ಡರನ್ನು ಝಡ್ ಡ್ರೈವ್ ಆಗಿ ಜೋಡಿಸುವುದು, ಹಿಂದೆ ಕುಳಿತವರ ಡೌನ್‌ಲೋಡ್‌ಗಳನ್ನು ತೆಗೆಯುವುದು. ಮೊದಲೆರಡಕ್ಕೆ ಅಡ್ಮಿನ್ ಹಕ್ಕು ಬೇಕೆಂದು ತಿಳಿದು, ಸ್ಕ್ರಿಪ್ಟ್ ತನ್ನನ್ನು ತಾನೇ ಅಡ್ಮಿನ್ ಆಗಿ ಮತ್ತೊಮ್ಮೆ ಓಡಿಸಿಕೊಳ್ಳುವ ಒಂದು ಪವರ್‌ಶೆಲ್ ಸಾಲನ್ನು ಮೇಲ್ಗಡೆ ಸೇರಿಸಿದ್ದೇನೆ. ಅಂದಿನಿಂದ ಯಾರು ಲಾಗಿನ್ ಆದರೂ ಪರದೆ ಮಸುಕಾಗಿ, ಅಡ್ಮಿನ್ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬರುತ್ತಿದೆ. ಬೆಳಿಗ್ಗೆ ಬಾಗಿಲು ತೆರೆದ ಅರ್ಧ ಗಂಟೆ "ಸರ, ಮತ್ ಪಾಸ್‌ವರ್ಡ್ ಕೇಳ್ಲತ್ತದ್ರಿ" ಎಂಬ ಕರೆಗಳಿಗೆ ಓಡಾಡುವುದರಲ್ಲೇ ಹೋಗುತ್ತದೆ. ಓದಲು ಬಂದವರ ಸಮಯ ಹೀಗೆ ಕಳೆಯುವುದು ನನಗೆ ಬಹಳ ಬೇಸರದ ಸಂಗತಿಯಾಗಿದೆ. ಪೆಟ್ಟಿಗೆ ಬಾರದಂತೆ ಇದನ್ನು ಓಡಿಸುವ ಬಗೆ ತಿಳಿದವರು ದಯವಿಟ್ಟು ಹೇಳಿ.

ಹುಮನಾಬಾದ್ ಸೇವಾಕೇಂದ್ರ

ಸರ್, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈ ಪೆಟ್ಟಿಗೆಯನ್ನು ತೋರಿಸುವ ಯೂಸರ್ ಅಕೌಂಟ್ ಕಂಟ್ರೋಲ್ ಎಂಬಲ್ಲಿರುವ ಜಾರುಗುಂಡಿಯನ್ನು (ಸ್ಲೈಡರ್) ತೀರಾ ಕೆಳಕ್ಕೆ ಇಳಿಸಿಬಿಡಿ. ನಮ್ಮಲ್ಲಿ ಹಾಗೆಯೇ ಮಾಡಿದ್ದೇವೆ, ಪೆಟ್ಟಿಗೆಯ ಕಾಟವೇ ಇಲ್ಲ.

ಬೀದರ್ ಸಿಸ್ಟಮ್

ಹುಮನಾಬಾದಿನ ಸಹೋದರರು ಹೇಳಿದ ದಾರಿ ಇಲ್ಲಿ ಸಲ್ಲದು. ಏಕೆ ಸಲ್ಲದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವರ ಕೇಂದ್ರದಲ್ಲಿ ಬಹುಶಃ ಎಲ್ಲರೂ ಅಡ್ಮಿನ್ ಖಾತೆಯಲ್ಲೇ ಕೆಲಸ ಮಾಡುತ್ತಾರೆ. ಅಡ್ಮಿನ್ ಖಾತೆಯವರಿಗೆ ಈ ಪೆಟ್ಟಿಗೆ ಹೌದು ಅಥವಾ ಇಲ್ಲ ಎಂದಷ್ಟೇ ಕೇಳುತ್ತದೆ, ಏಕೆಂದರೆ ಹಕ್ಕು ಅವರ ಬಳಿ ಮೊದಲೇ ಇರುತ್ತದೆ. ಸಾಮಾನ್ಯ ಖಾತೆಯವರಿಗೆ ಅದೇ ಪೆಟ್ಟಿಗೆ ಪಾಸ್‌ವರ್ಡ್ ಕೇಳುತ್ತದೆ, ಏಕೆಂದರೆ ಅವರ ಬಳಿ ಆ ಹಕ್ಕೇ ಇಲ್ಲ. ಹಕ್ಕಿರುವ ಬೇರೊಬ್ಬರು ಬಂದು ತಮ್ಮ ಹೆಸರಿನಲ್ಲಿ ಓಡಿಸಬೇಕು. 2007ರಲ್ಲಿ ವಿಂಡೋಸ್ ವಿಸ್ತಾ ಜನರ ಕೈಗೆ ಬಂದಾಗಿನಿಂದ ಈ ಏರ್ಪಾಟಿನ ತಿರುಳು ಇದೇ ಆಗಿದೆ. ಜಾರುಗುಂಡಿ ಇಳಿಸಿದರೂ ವಿದ್ಯಾರ್ಥಿಗೆ ಹಕ್ಕು ಬರುವುದಿಲ್ಲ. ಹಕ್ಕಿಲ್ಲದೆ ಸ್ಕ್ರಿಪ್ಟಿನ ಆ ಕೆಲಸಗಳು ನಡೆಯುವುದಿಲ್ಲ. ಅದರ ಜೊತೆಗೆ ನೀವು ಅಡ್ಮಿನ್ ಆಗಿ ಕುಳಿತಾಗ, ಪೆನ್‌ಡ್ರೈವಿನಿಂದ ಬಂದ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮನ್ನು ಕೇಳದೆಯೇ ಪೂರ್ಣ ಹಕ್ಕಿನಿಂದ ಓಡುತ್ತದೆ.

ಆದ್ದರಿಂದ ಪೆಟ್ಟಿಗೆಯನ್ನು ತೊಲಗಿಸುವ ಯೋಚನೆ ಬಿಟ್ಟು, ಅದು ಏಕೆ ಬರುತ್ತಿದೆ ಎಂದು ನೋಡೋಣ. ನಿಮ್ಮ ನಾಲ್ಕು ಕೆಲಸಗಳನ್ನು ಬೇರ್ಪಡಿಸಿ. ಝಡ್ ಡ್ರೈವ್ ಜೋಡಿಸಲು ಅಡ್ಮಿನ್ ಹಕ್ಕು ಬೇಡ. ಬೇಡ ಎಂದಷ್ಟೇ ಅಲ್ಲ, ಅಡ್ಮಿನ್ ಹೆಸರಿನಲ್ಲಿ ಜೋಡಿಸಿದ ಡ್ರೈವ್ ಆ ಅಡ್ಮಿನ್‌ನ ಲಾಗಿನ್‌ಗೆ ಮಾತ್ರ ಸೇರಿರುತ್ತದೆ, ವಿದ್ಯಾರ್ಥಿಗೆ ಕಾಣುವುದೇ ಇಲ್ಲ. ನೀವು ಪಾಸ್‌ವರ್ಡ್ ಹಾಕಿಕೊಟ್ಟ ಮೇಲೂ ಝಡ್ ಡ್ರೈವ್ ಬಂದಿಲ್ಲ ಎಂದು ಯಾರಾದರೂ ದೂರಿದ್ದಾರೆಯೇ? ವಿದ್ಯಾರ್ಥಿಯ ಸ್ವಂತ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಲೂ ಅವರ ಹಕ್ಕೇ ಸಾಕು. ಈ ಎರಡು ಸ್ಟಾರ್ಟಪ್ ಫೋಲ್ಡರಿನಲ್ಲೇ ಇರಲಿ, ಪವರ್‌ಶೆಲ್ ಸಾಲನ್ನು ಅಳಿಸಿ. ಗಡಿಯಾರ ಮತ್ತು ಸ್ಪೂಲರ್ ಕೆಲಸವನ್ನು ಮಾತ್ರ ಬೇರೊಂದು ಫೈಲಿಗೆ ಹಾಕಿ, ವಿದ್ಯಾರ್ಥಿಯ ಕೈಯಿಂದ ತೆಗೆದು ಯಂತ್ರದ ಕೈಗೆ ಕೊಡಬೇಕು.

ಕಲಬುರಗಿ ಓದುಕೋಣೆ

ಹೌದು ಸರ್, ಝಡ್ ಡ್ರೈವ್ ಕೆಲವೊಮ್ಮೆ ಇರುವುದಿಲ್ಲ ಎಂದು ಹೇಳುತ್ತಲೇ ಇದ್ದರು. ನೆಟ್‌ವರ್ಕ್ ಕೇಬಲ್ ಸಡಿಲವಾಗಿದೆ ಎಂದುಕೊಂಡು ಎರಡು ಕೇಬಲ್ ಬದಲಾಯಿಸಿದ್ದೇನೆ. ಈಗ ಕಾರಣ ತಿಳಿಯಿತು.

ಯಂತ್ರದ ಕೈಗೆ ಕೊಡುವುದು ಎಂದರೆ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಟಾಸ್ಕ್ ಶೆಡ್ಯೂಲರ್ ತಾನೆ? ಅದನ್ನು ಒಮ್ಮೆ ಪ್ರಯತ್ನಿಸಿದ್ದೆ. ವಿದ್ಯಾರ್ಥಿ ಖಾತೆಯ ಹೆಸರಿನಲ್ಲೇ ಟಾಸ್ಕ್ ಮಾಡಿ, ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್ ಎಂಬಲ್ಲಿ ಟಿಕ್ ಹಾಕಿದೆ. ಪ್ರಯೋಜನವಾಗಲಿಲ್ಲ.

ಸೇಡಂ ಓದುಗ

ಇದಕ್ಕಿಂತ ಸುಲಭದ ದಾರಿ ಒಂದಿದೆ. ಬೇರೆ ಖಾತೆಯ ಹೆಸರಿನಲ್ಲಿ ಓಡಿಸುವ ರನ್‌ಆಸ್ ಆಜ್ಞೆಗೆ ಸೇವ್‌ಕ್ರೆಡ್ ಎಂಬ ಆಯ್ಕೆ ಸೇರಿಸಿದರೆ ಅಡ್ಮಿನ್ ಪಾಸ್‌ವರ್ಡನ್ನು ಒಂದೇ ಒಂದು ಸಲ ಕೊಟ್ಟರೆ ಸಾಕು, ಮುಂದೆಂದೂ ಕೇಳುವುದಿಲ್ಲ.

ಬೀದರ್ ಸಿಸ್ಟಮ್

ಸೇಡಂನವರೇ, ದಯವಿಟ್ಟು ಅದನ್ನು ಯಾರಿಗೂ ಸೂಚಿಸಬೇಡಿ. ಆ ಆಯ್ಕೆಯಿಂದ ಅಡ್ಮಿನ್ ಪಾಸ್‌ವರ್ಡ್ ವಿದ್ಯಾರ್ಥಿಯ ಖಾತೆಯಲ್ಲೇ ಉಳಿಯುತ್ತದೆ, ಮತ್ತು ಆ ಉಳಿಕೆ ನಿಮ್ಮ ಒಂದು ಸ್ಕ್ರಿಪ್ಟಿಗೆ ಸೀಮಿತವಾಗಿರುವುದಿಲ್ಲ. ಅದೇ ಆಜ್ಞೆಯ ಕೊನೆಯಲ್ಲಿ ಸ್ಕ್ರಿಪ್ಟಿನ ಹೆಸರಿನ ಬದಲು, ಯಾವ ಆಜ್ಞೆಯನ್ನಾದರೂ ಓಡಿಸಬಲ್ಲ ಕಮಾಂಡ್ ಪ್ರಾಂಪ್ಟ್ ಹೆಸರು ಬರೆದರೆ, ಅದೂ ಅಡ್ಮಿನ್ ಹೆಸರಿನಲ್ಲಿ ತೆರೆಯುತ್ತದೆ. ಮನೆಯ ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟು, ಅಡುಗೆಮನೆಗೆ ಮಾತ್ರ ಹೋಗಿ ಎಂದು ಹೇಳಿದ ಹಾಗೆ.

ಓದುಕೋಣೆಯವರ ಪ್ರಶ್ನೆಗೆ ಬರುತ್ತೇನೆ. ಹೈಯೆಸ್ಟ್ ಪ್ರಿವಿಲೇಜಸ್ ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಟಾಸ್ಕ್ ಯಾರ ಹೆಸರಿನಲ್ಲಿ ಓಡುತ್ತದೆಯೋ ಅವರಿಗೆ ಇರುವ ಹಕ್ಕುಗಳಲ್ಲಿ ಗರಿಷ್ಠವಾದದ್ದು ಎಂಬುದು ಅದರ ಅರ್ಥ. ಸಾಮಾನ್ಯ ಖಾತೆಯ ಗರಿಷ್ಠ ಹಕ್ಕು ಸಾಮಾನ್ಯ ಹಕ್ಕೇ. ನೀವು ಅಡ್ಮಿನ್ ಆಗಿ ಲಾಗಿನ್ ಆಗಿ, ಟಾಸ್ಕ್ ಶೆಡ್ಯೂಲರಿನಲ್ಲಿ ಹೊಸ ಟಾಸ್ಕ್ ಮಾಡಿ, ಚೇಂಜ್ ಯೂಸರ್ ಆರ್ ಗ್ರೂಪ್ ಎಂಬ ಗುಂಡಿ ಒತ್ತಿ ಸಿಸ್ಟಮ್ ಎಂಬ, ವಿಂಡೋಸಿನ ಸ್ವಂತ ಖಾತೆಯನ್ನು ಆರಿಸಿ. ಅದಕ್ಕೆ ಪಾಸ್‌ವರ್ಡ್ ಇಲ್ಲ, ಆದ್ದರಿಂದ ಎಲ್ಲಿಯೂ ಪಾಸ್‌ವರ್ಡ್ ಉಳಿಸಬೇಕಾಗಿಲ್ಲ. ಟ್ರಿಗರ್ ಎಂಬಲ್ಲಿ ಅಟ್ ಸ್ಟಾರ್ಟಪ್ (ಯಂತ್ರ ಆರಂಭವಾದಾಗ) ಆರಿಸಿ. ಇಷ್ಟಾದ ಮೇಲೆ ಆ ಕೆಲಸಕ್ಕೂ ಲಾಗಿನ್ ಆಗುವ ವಿದ್ಯಾರ್ಥಿಗೂ ಸಂಬಂಧವೇ ಉಳಿಯುವುದಿಲ್ಲ. ಅನುಮತಿ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ನೀವು ಟಾಸ್ಕ್ ಮಾಡಿದ ದಿನವೇ ಅನುಮತಿ ಕೊಟ್ಟಾಗಿದೆ.

ಪ್ರೊ ಆವೃತ್ತಿ ಇರುವುದರಿಂದ ಗ್ರೂಪ್ ಪಾಲಿಸಿ ಎಂಬ ನಿಯಮಗಳ ಎಡಿಟರಿನ ಕಂಪ್ಯೂಟರ್ ಭಾಗದಲ್ಲಿ ಸ್ಟಾರ್ಟಪ್ ಸ್ಕ್ರಿಪ್ಟ್ ಆಗಿಯೂ ಇದನ್ನು ಸೇರಿಸಬಹುದು. ಅದೂ ಸಿಸ್ಟಮ್ ಹೆಸರಿನಲ್ಲೇ ಓಡುತ್ತದೆ. ಬಳಕೆದಾರ ಭಾಗದಲ್ಲಿರುವ ಲಾಗಾನ್ ಸ್ಕ್ರಿಪ್ಟ್ ಮಾತ್ರ ಬಳಕೆದಾರರ ಹಕ್ಕಿನಿಂದ ಓಡುತ್ತದೆ ಎಂಬುದು ನೆನಪಿರಲಿ. ಹೋಮ್ ಆವೃತ್ತಿಯಲ್ಲಿ ಆ ಎಡಿಟರ್ ಇಲ್ಲ, ಟಾಸ್ಕ್ ಶೆಡ್ಯೂಲರ್ ಇದೆ. ನಾನು ಟಾಸ್ಕನ್ನೇ ಇಷ್ಟಪಡುತ್ತೇನೆ, ಏಕೆಂದರೆ ಅದು ಓಡಿತೇ ಇಲ್ಲವೇ ಎಂಬುದು ಲಾಸ್ಟ್ ರನ್ ರಿಸಲ್ಟ್ ಎಂಬ ಅಂಕಣದಲ್ಲಿ ಕಾಣುತ್ತದೆ.

ಯಾದಗಿರಿ ಶಿಕ್ಷಕಿ

ನಾನು ಇಲ್ಲಿ ಒಂದು ಮಾತು ಸೇರಿಸಬೇಕು. ಪೆಟ್ಟಿಗೆಯ ತೊಂದರೆ ಬೇಡವೆಂದು ನಮ್ಮ ಲ್ಯಾಬಿನಲ್ಲಿ ಒಂದು ವರ್ಷ ಎಲ್ಲ ಮಕ್ಕಳ ಖಾತೆಗಳನ್ನೂ ಅಡ್ಮಿನ್ ಮಾಡಿಟ್ಟಿದ್ದೆವು. ಒಂದು ಪೆನ್‌ಡ್ರೈವಿನಿಂದ ಬಂದ ವೈರಸ್ ಒಂದೇ ವಾರದಲ್ಲಿ ಎಲ್ಲ ಯಂತ್ರಗಳಿಗೂ ಹರಡಿ, ಮಕ್ಕಳ ಪ್ರಾಜೆಕ್ಟ್ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕಾಣತೊಡಗಿದವು. ಫೈಲುಗಳು ಅಳಿದಿರಲಿಲ್ಲ, ಅಡಗಿದ್ದವು. ಆದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಎರಡು ತಿಂಗಳ ಕೆಲಸ ಹೋಯಿತೆಂದು ಅತ್ತ ಮುಖ ನನಗೆ ಇಂದಿಗೂ ಮರೆತಿಲ್ಲ. ಪ್ರತಿ ಯಂತ್ರವನ್ನೂ ಅಳಿಸಿ ಮತ್ತೆ ಹಾಕಬೇಕಾಯಿತು. ಮಕ್ಕಳ ಖಾತೆಯನ್ನು ಸಾಮಾನ್ಯವಾಗಿಯೇ ಇಟ್ಟಿರುವ ಓದುಕೋಣೆಯವರ ನಿರ್ಧಾರ ಸರಿಯಾದದ್ದು; ಯಾರು ಏನೇ ಹೇಳಿದರೂ ಅದನ್ನು ಬದಲಿಸಬೇಡಿ.

ಕಲಬುರಗಿ ಓದುಕೋಣೆ

ಧನ್ಯವಾದಗಳು ಮೇಡಂ, ಬದಲಿಸುವುದಿಲ್ಲ. ಬೀದರಿನ ಸರ್ ಹೇಳಿದಂತೆ ಒಂದು ಯಂತ್ರದಲ್ಲಿ ಸಿಸ್ಟಮ್ ಹೆಸರಿನಲ್ಲಿ ಟಾಸ್ಕ್ ಮಾಡಿದೆ. ವಿದ್ಯಾರ್ಥಿ ಖಾತೆಯಲ್ಲಿ ಲಾಗಿನ್ ಆದರೆ ಪೆಟ್ಟಿಗೆ ಬರಲಿಲ್ಲ, ಝಡ್ ಡ್ರೈವ್ ಬಂತು. ಆದರೆ ಸ್ಪೂಲರ್ ಕೆಲಸ ಮುಗಿಯುತ್ತಲೇ ಇಲ್ಲ. ಒಂದು ಗಂಟೆ ಬಿಟ್ಟು ನೋಡಿದರೂ ಟಾಸ್ಕ್ ರನ್ನಿಂಗ್ ಎಂದೇ ತೋರಿಸುತ್ತಿದೆ. ಸ್ಕ್ರಿಪ್ಟಿನ ಕಪ್ಪು ಕಿಟಕಿಯೂ ಪರದೆಯ ಮೇಲೆ ಕಾಣುತ್ತಿಲ್ಲ.

ಬೀದರ್ ಸಿಸ್ಟಮ್

ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಪಾಸ್ ಎಂಬ ಆಜ್ಞೆ ಇದೆಯೇ? ಯಾವುದಾದರೂ ಕೀ ಒತ್ತಿ ಎಂದು ಕಾಯುವ ಆಜ್ಞೆ, ಪಿ ಎ ಯು ಎಸ್ ಇ ಎಂದು ಬರೆಯುತ್ತೇವಲ್ಲ, ಅದು.

ಕಲಬುರಗಿ ಓದುಕೋಣೆ

ಇದೆ ಸರ್. ಏನಾಯಿತೆಂದು ಓದಿಕೊಳ್ಳಲು ನಾನೇ ಹಾಕಿದ್ದೆ.

ಬೀದರ್ ಸಿಸ್ಟಮ್

ಅದೇ ಕಾರಣ. ವಿಸ್ತಾದ ಕಾಲದಿಂದ ಸಿಸ್ಟಮ್ ಹೆಸರಿನಲ್ಲಿ ಓಡುವ ಕೆಲಸಗಳೆಲ್ಲ ಸೆಷನ್ ಸೊನ್ನೆ ಎಂಬ ಪ್ರತ್ಯೇಕ ಜಾಗದಲ್ಲಿ ನಡೆಯುತ್ತವೆ. ಅಲ್ಲಿ ತೆರೆದ ಕಿಟಕಿ ಯಾರ ಪರದೆಗೂ ಬರುವುದಿಲ್ಲ. ನಿಮ್ಮ ಸ್ಕ್ರಿಪ್ಟ್ ಯಾರಿಗೂ ಕಾಣದ ಕೋಣೆಯಲ್ಲಿ ಕುಳಿತು, ಯಾರೂ ಒತ್ತಲಾರದ ಕೀಗಾಗಿ ಕಾಯುತ್ತಿದೆ. ಆ ಸಾಲನ್ನು ತೆಗೆದು, ಪ್ರತಿ ಆಜ್ಞೆಯ ಉತ್ತರವನ್ನು ಒಂದು ಲಾಗ್ ಫೈಲಿಗೆ ಬರೆಸಿ. ಸ್ಕ್ರಿಪ್ಟಿನೊಳಗೆ ಫೈಲುಗಳ ಪೂರ್ಣ ದಾರಿಯನ್ನೇ ಬರೆಯಿರಿ, ಏಕೆಂದರೆ ಟಾಸ್ಕಿನಲ್ಲಿ ಸ್ಟಾರ್ಟ್ ಇನ್ ಜಾಗವನ್ನು ಖಾಲಿ ಬಿಟ್ಟರೆ ಅದು ಸಿಸ್ಟಮ್32 ಫೋಲ್ಡರಿನಿಂದ ಆರಂಭವಾಗುತ್ತದೆ.

ಇನ್ನೊಂದು ಮುಖ್ಯ ಪ್ರಶ್ನೆ. ಸ್ಕ್ರಿಪ್ಟ್ ಫೈಲನ್ನು ಎಲ್ಲಿ ಇಟ್ಟಿದ್ದೀರಿ?

ಕಲಬುರಗಿ ಓದುಕೋಣೆ

ಸಿ ಡ್ರೈವಿನಲ್ಲಿ ನೇರವಾಗಿ ಸ್ಕ್ರಿಪ್ಟ್ಸ್ ಎಂಬ ಹೊಸ ಫೋಲ್ಡರ್ ಮಾಡಿ ಇಟ್ಟಿದ್ದೇನೆ. ಅಡ್ಮಿನ್ ಆಗಿಯೇ ಮಾಡಿದ್ದು.

ಬೀದರ್ ಸಿಸ್ಟಮ್

ಹಾಗಿದ್ದರೆ ಈಗಲೇ ಒಂದು ಪರೀಕ್ಷೆ ಮಾಡಿ, ಆಮೇಲೆ ಉಳಿದ 13 ಯಂತ್ರಗಳ ಮಾತು. ವಿದ್ಯಾರ್ಥಿ ಖಾತೆಯಲ್ಲಿ ಲಾಗಿನ್ ಆಗಿ, ಆ ಬ್ಯಾಚ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಕೊನೆಯಲ್ಲಿ ಒಂದು ಖಾಲಿ ಸಾಲು ಸೇರಿಸಿ ಸೇವ್ ಮಾಡಿ. ಏನಾಗುತ್ತದೆ ಎಂದು ತಿಳಿಸಿ.

ಕಲಬುರಗಿ ಓದುಕೋಣೆ

ಮಾಡಿದೆ ಸರ್. ಕಂಟ್ರೋಲ್ ಎಸ್ ಒತ್ತಿದೆ. ಶೀರ್ಷಿಕೆಯ ಪಕ್ಕದಲ್ಲಿದ್ದ ನಕ್ಷತ್ರ ಚಿಹ್ನೆ ಮಾಯವಾಯಿತು, ಸೇವ್ ಆಯಿತು. ಯಾವ ಅಡ್ಡಿಯೂ ಬರಲಿಲ್ಲ. ಅಡ್ಮಿನ್ ಮಾಡಿದ ಫೋಲ್ಡರನ್ನು ವಿದ್ಯಾರ್ಥಿ ತಿದ್ದಲು ಸಾಧ್ಯವಿಲ್ಲ ಎಂದೇ ನಾನು ತಿಳಿದಿದ್ದೆ.

ಬೀದರ್ ಸಿಸ್ಟಮ್

ಬಹಳ ಜನ ಹಾಗೆಯೇ ತಿಳಿದಿರುತ್ತಾರೆ, ಅದಕ್ಕೇ ನೀವೇ ಮಾಡಿ ನೋಡಲಿ ಎಂದು ಕೇಳಿದೆ. ಸಿ ಡ್ರೈವಿನ ಬುಡದಲ್ಲಿ ಹೊಸದಾಗಿ ಮಾಡಿದ ಫೋಲ್ಡರಿಗೆ, ಯಾರು ಮಾಡಿದರೂ, ಲಾಗಿನ್ ಆದ ಎಲ್ಲ ಬಳಕೆದಾರರೂ ತಿದ್ದಬಹುದೆಂಬ ಅನುಮತಿ ಆ ಡ್ರೈವಿನಿಂದಲೇ ಇಳಿದು ಬರುತ್ತದೆ. ಇದರ ಪರಿಣಾಮವನ್ನು ಯೋಚಿಸಿ. ಆ ಫೈಲನ್ನು ಯಂತ್ರದ ಅತ್ಯುನ್ನತ ಖಾತೆ ದಿನವೂ ಕಣ್ಣುಮುಚ್ಚಿ ಓಡಿಸುತ್ತದೆ. ವಿದ್ಯಾರ್ಥಿಯೊಬ್ಬ ಅದರಲ್ಲಿ ತನ್ನ ಖಾತೆಯನ್ನು ಅಡ್ಮಿನ್ ಗುಂಪಿಗೆ ಸೇರಿಸುವ ಒಂದೇ ಒಂದು ಸಾಲು ಬರೆದರೆ, ಮರುದಿನ ಬೆಳಿಗ್ಗೆ ಅವನು ಅಡ್ಮಿನ್. ಪೆಟ್ಟಿಗೆ ಬಾರದಂತೆ ಮಾಡಿದ ನಮ್ಮ ಶ್ರಮವೇ ಅವನಿಗೆ ದಾರಿಯಾಗುತ್ತದೆ. ಇಡೀ ಚರ್ಚೆಯಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇದನ್ನೇ: ಪೆಟ್ಟಿಗೆಯನ್ನು ತಪ್ಪಿಸಿದ ಸ್ಕ್ರಿಪ್ಟನ್ನು ತಿದ್ದುವ ಹಕ್ಕು ಅಡ್ಮಿನ್‌ಗೆ ಮಾತ್ರ ಇರಬೇಕು. ಸ್ಕ್ರಿಪ್ಟ್ ಕರೆಯುವ ಬೇರೆ ಫೈಲುಗಳಿಗೂ ಇದೇ ನಿಯಮ.

ಪ್ರೋಗ್ರಾಂ ಫೈಲ್ಸ್ ಒಳಗೆ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ಸಾಗಿಸಿ, ಟಾಸ್ಕಿನಲ್ಲಿ ಹೊಸ ದಾರಿಯನ್ನು ಕೊಡಿ. ಅಲ್ಲಿ ಸಾಮಾನ್ಯ ಬಳಕೆದಾರರಿಗೆ ಓದುವ ಮತ್ತು ಓಡಿಸುವ ಹಕ್ಕು ಮಾತ್ರ ಇರುತ್ತದೆ. ಆಮೇಲೆ ನೋಟ್‌ಪ್ಯಾಡ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಈ ಬಾರಿ ಅದು ಸೋಲಬೇಕು.

ಶಹಾಬಾದ್ ಉಬುಂಟು

ಲಿನಕ್ಸ್ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ ಎಂದು ಸೇರಿಸುತ್ತೇನೆ. ಪಾಸ್‌ವರ್ಡ್ ಕೇಳಬಾರದೆಂದು ಯಾರು ಅಡ್ಮಿನ್ ಹಕ್ಕಿನಿಂದ ಏನು ಓಡಿಸಬಹುದೆಂದು ಹೇಳುವ ಸುಡೋಯರ್ಸ್ ಫೈಲಿನಲ್ಲಿ ನೋಪಾಸ್‌ವ್ಡ್ ಎಂದು ಬರೆದು, ಅದರ ಎದುರು ವಿದ್ಯಾರ್ಥಿಯ ಹೋಮ್ ಫೋಲ್ಡರಿನಲ್ಲಿರುವ ಸ್ಕ್ರಿಪ್ಟನ್ನು ಕೊಟ್ಟವರನ್ನು ನೋಡಿದ್ದೇನೆ; ಅದನ್ನು ವಿದ್ಯಾರ್ಥಿಯೇ ತಿದ್ದಬಹುದು. ಯಂತ್ರ ಆರಂಭವಾದಾಗ ತಾನೇ ಓಡುವ ಸಿಸ್ಟಮ್‌ಡಿ ಸೇವೆಯಾಗಿ ಮಾಡಿ, ಸ್ಕ್ರಿಪ್ಟಿನ ಒಡೆತನವನ್ನು ರೂಟ್ ಎಂಬ ಅಡ್ಮಿನ್ ಖಾತೆಗೆ ಕೊಟ್ಟು, ಉಳಿದವರಿಗೆ ಬರೆಯುವ ಹಕ್ಕು ತೆಗೆದರೆ ಸುಡೋ ಮಾತೇ ಬೇಡ.

ಕಲಬುರಗಿ ಓದುಕೋಣೆ

ಪ್ರೋಗ್ರಾಂ ಫೈಲ್ಸ್ ಒಳಗೆ ಸಾಗಿಸಿದೆ. ಈಗ ವಿದ್ಯಾರ್ಥಿ ಖಾತೆಯಿಂದ ಸೇವ್ ಮಾಡಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಪಾಸ್ ಸಾಲನ್ನು ತೆಗೆದ ಮೇಲೆ ಟಾಸ್ಕ್ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತಿದೆ. ಎಲ್ಲ ಯಂತ್ರಗಳಲ್ಲೂ ಹಾಗೆಯೇ ಮಾಡಿದ್ದೇನೆ.

ಆದರೆ ಒಂದು ವಾರ ಲಾಗ್ ಗಮನಿಸಿದ ಮೇಲೆ ವಿಚಿತ್ರವೊಂದು ಕಂಡಿತು. ಕೆಲವು ದಿನ ಟಾಸ್ಕ್ ಓಡಿದೆ, ಕೆಲವು ದಿನ ಓಡಿಯೇ ಇಲ್ಲ. ದಿನಚರಿಯೊಂದಿಗೆ ಹೋಲಿಸಿದಾಗ, ಹಿಂದಿನ ದಿನ ಕರೆಂಟ್ ಹೋಗಿ ಯಂತ್ರಗಳು ದಢಕ್ಕನೆ ಆರಿದ್ದ ದಿನಗಳ ಮರುಬೆಳಿಗ್ಗೆ ಮಾತ್ರ ಓಡಿದೆ. ಸಂಜೆ ಕ್ರಮವಾಗಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಹಚ್ಚಿದರೆ ಓಡುವುದಿಲ್ಲ. ಕ್ರಮವಾಗಿ ನಡೆದುಕೊಂಡಾಗಲೇ ಕೆಲಸ ಕೆಡುವುದು ಹೇಗೆ?

ಬೀದರ್ ಸಿಸ್ಟಮ್

ದಿನಚರಿ ಇಟ್ಟು ಹೋಲಿಸಿ ನೋಡಿದ್ದೀರಲ್ಲ, ಅದರಿಂದಲೇ ಉತ್ತರ ಸಿಗುತ್ತದೆ. ಇದು ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದ ಪರಿಣಾಮ. ವಿಂಡೋಸ್ 8ರಿಂದ ಶಟ್‌ಡೌನ್ ಎಂದರೆ ಪೂರ್ತಿ ಆರುವುದಲ್ಲ. ಬಳಕೆದಾರರನ್ನು ಹೊರಗೆ ಕಳುಹಿಸಿ, ವ್ಯವಸ್ಥೆಯ ಒಳಭಾಗವನ್ನು ಇದ್ದ ಹಾಗೆಯೇ ಡಿಸ್ಕಿಗೆ ಬರೆದು ಮಲಗಿಸುವುದು. ಮರುದಿನ ಅದೇ ಸ್ಥಿತಿ ಎದ್ದು ಬರುತ್ತದೆ, ಹೊಸದಾಗಿ ಆರಂಭವಾಗುವುದಿಲ್ಲ. ಆದ್ದರಿಂದ ಆರಂಭದಲ್ಲಿ ಓಡಬೇಕಾದ ಟಾಸ್ಕ್ ಮತ್ತು ಸ್ಟಾರ್ಟಪ್ ಸ್ಕ್ರಿಪ್ಟುಗಳು ಓಡದೇ ಹೋಗಬಹುದು. ನಡುವೆ ಕರೆಂಟ್ ಹೋದಾಗ ಮಲಗಿಸಲು ಅವಕಾಶವೇ ಸಿಗದೆ, ಮುಂದಿನ ಸಲ ಪೂರ್ಣ ಆರಂಭವಾಗುತ್ತದೆ. ರೀಸ್ಟಾರ್ಟ್ ಮಾಡಿದಾಗಲೂ ಪೂರ್ಣ ಆರಂಭವೇ. ಪವರ್ ಆಯ್ಕೆಗಳಲ್ಲಿ ಪವರ್ ಗುಂಡಿ ಏನು ಮಾಡಬೇಕು ಎಂಬ ಪುಟಕ್ಕೆ ಹೋಗಿ ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಎಂಬುದರ ಟಿಕ್ ತೆಗೆಯಿರಿ.

ಯುಪಿಎಸ್ ಇದ್ದು, ಅದು ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿದ್ದರೆ, ಟಾಸ್ಕಿನ ಕಂಡೀಷನ್ಸ್ ಪುಟವನ್ನೂ ನೋಡಿ. ಎಸಿ ಪವರ್ ಇದ್ದರೆ ಮಾತ್ರ ಆರಂಭಿಸು ಎಂಬುದಕ್ಕೆ ಮೊದಲಿನಿಂದಲೇ ಟಿಕ್ ಇರುತ್ತದೆ. ಅಂಥ ಯುಪಿಎಸ್ ಅನ್ನು ವಿಂಡೋಸ್ ಬ್ಯಾಟರಿ ಎಂದೇ ಎಣಿಸುತ್ತದೆ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಟಾಸ್ಕ್ ಓಡುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಆ ಟಿಕ್ ತೆಗೆಯುವುದೇ ಒಳ್ಳೆಯದು.

ಯಾದಗಿರಿ ಶಿಕ್ಷಕಿ

ನನ್ನದೊಂದು ಸಣ್ಣ ಪ್ರಶ್ನೆ. ನಮ್ಮ ಲ್ಯಾಬಿನಲ್ಲಿ ಬರುವ ಪೆಟ್ಟಿಗೆ ಪಾಸ್‌ವರ್ಡ್ ಕೇಳುವುದಿಲ್ಲ, ಪರದೆಯೂ ಮಸುಕಾಗುವುದಿಲ್ಲ. ಪ್ರಕಾಶಕರನ್ನು ಪರಿಶೀಲಿಸಲಾಗಲಿಲ್ಲ, ಆದರೂ ಓಡಿಸಬೇಕೇ ಎಂದು ಕೇಳುತ್ತದೆ. ಅದಕ್ಕೂ ಇದೇ ಮದ್ದೇ?

ಬೀದರ್ ಸಿಸ್ಟಮ್

ಅಲ್ಲ ಮೇಡಂ, ಅದು ಬೇರೆಯೇ ಪೆಟ್ಟಿಗೆ. ಇಂಟರ್ನೆಟ್ಟಿನಿಂದ ಇಳಿಸಿದ ಅಥವಾ ನೆಟ್‌ವರ್ಕಿನಲ್ಲಿರುವ ಫೈಲನ್ನು ನೇರವಾಗಿ ಓಡಿಸಿದಾಗ ಬರುವ ಎಚ್ಚರಿಕೆ. ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಇಳಿಸಿದ ಫೈಲಾಗಿದ್ದರೆ, ಅದು ನಂಬಬಹುದಾದದ್ದು ಎಂದು ಖಚಿತವಾದ ಮೇಲೆ, ಪ್ರಾಪರ್ಟೀಸ್ ತೆರೆದು ಕೆಳಗಿರುವ ಅನ್‌ಬ್ಲಾಕ್ ಎಂಬುದಕ್ಕೆ ಟಿಕ್ ಹಾಕಿ.

ಕಲಬುರಗಿ ಓದುಕೋಣೆ

ಫಾಸ್ಟ್ ಸ್ಟಾರ್ಟಪ್ ತೆಗೆದ ಮೇಲೆ ಎಲ್ಲ ಯಂತ್ರಗಳಲ್ಲೂ ಟಾಸ್ಕ್ ಪ್ರತಿದಿನ ಓಡುತ್ತಿದೆ. ಸ್ಪೂಲರ್ ಸರಿಯಾಗಿದೆ. ಆದರೆ ಮೂರು ಯಂತ್ರಗಳಲ್ಲಿ ಗಡಿಯಾರ ಮಾತ್ರ ಸರಿಹೋಗುತ್ತಿಲ್ಲ. ಸಮಯದಲ್ಲಿ ಬೇಕಾದ ಬದಲಾವಣೆ ತೀರಾ ದೊಡ್ಡದು, ಆದ್ದರಿಂದ ಸರಿಹೊಂದಿಸಲಿಲ್ಲ ಎಂಬ ಅರ್ಥದ ಸಾಲು ಲಾಗಿನಲ್ಲಿದೆ. ಆ ಯಂತ್ರಗಳು ಬೆಳಿಗ್ಗೆ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ, ಅದರಿಂದಾಗಿ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರದ ಅರ್ಜಿ ತುಂಬಲು ಕುಳಿತವರಿಗೆ ಯಾವ ಸುರಕ್ಷಿತ ಜಾಲತಾಣವೂ ತೆರೆಯುವುದಿಲ್ಲ.

ಹುಮನಾಬಾದ್ ಸೇವಾಕೇಂದ್ರ

ಇದು ನನಗೆ ಗೊತ್ತಿರುವ ಕೆಲಸ ಸರ್. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ. ಅದು 3 ವೋಲ್ಟಿನದು. ಕಂಪ್ಯೂಟರ್ ಆರಿದ್ದಾಗ ಗಡಿಯಾರವನ್ನು ನಡೆಸುವುದು ಅದೇ. ಪ್ಲಗ್ ತೆಗೆದು, ಹಳೆಯದನ್ನು ಬಿಡಿಸಿ, ಬರಹ ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಆಮೇಲೆ ಯಂತ್ರದ ಮೂಲ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ದಿನಾಂಕವನ್ನು ಒಮ್ಮೆ ಸರಿಮಾಡಿ.

ಬೀದರ್ ಸಿಸ್ಟಮ್

ಹುಮನಾಬಾದಿನವರು ಸರಿಯಾದ ಮಾತು ಹೇಳಿದರು. ಯಾವ ಡೊಮೈನಿಗೂ (ಸಂಸ್ಥೆಯೊಂದು ಕೇಂದ್ರದಿಂದ ನಿಯಂತ್ರಿಸುವ ಜಾಲ) ಸೇರದ ಯಂತ್ರದಲ್ಲಿ ವಿಂಡೋಸಿನ ಸಮಯ ಸೇವೆ 15 ಗಂಟೆಗಿಂತ ಹೆಚ್ಚಿನ ವ್ಯತ್ಯಾಸವನ್ನು ತಾನಾಗಿ ತಿದ್ದುವುದಿಲ್ಲ. ಆ ಮಿತಿಯನ್ನು ವಿಂಡೋಸಿನ ಸೆಟ್ಟಿಂಗುಗಳ ಸಂಗ್ರಹವಾದ ರಿಜಿಸ್ಟ್ರಿಯಲ್ಲಿ ಹಿಗ್ಗಿಸಬಹುದು, ಆದರೆ ಸೆಲ್ ಹಾಕುವುದೇ ಸರಿ. ಸೆಲ್ ಚೆನ್ನಾಗಿದ್ದರೆ ಗಡಿಯಾರದ ಸಾಲನ್ನೇ ಸ್ಕ್ರಿಪ್ಟಿನಿಂದ ತೆಗೆಯಬಹುದು. ಸಣ್ಣಪುಟ್ಟ ವ್ಯತ್ಯಾಸವನ್ನು ವಿಂಡೋಸ್ ತನ್ನದೇ ಟಾಸ್ಕಿನಿಂದ ಸರಿಮಾಡಿಕೊಳ್ಳುತ್ತದೆ. ಅಡ್ಮಿನ್ ಹಕ್ಕಿನಿಂದ ಓಡುವ ಸಾಲುಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ನೆಮ್ಮದಿ. ಅಂದ ಹಾಗೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಯಂತ್ರಗಳ ಮುಂದಿನ ದಾರಿಯ ಬಗ್ಗೆಯೂ ಯೋಚಿಸಿಡಿ, ಅದಕ್ಕೆ ಬೇರೆ ಚರ್ಚೆ ತೆರೆಯೋಣ.

ಮಧ್ಯಾಹ್ನ ಪ್ರಿಂಟ್ ಸಿಕ್ಕಿಕೊಂಡರೆ ನಿಮ್ಮನ್ನು ಕರೆಯಬಾರದೆಂದಿದ್ದರೆ, ಪ್ರಿಂಟರಿನ ಸೆಕ್ಯುರಿಟಿ ಪುಟದಲ್ಲಿ ವಿದ್ಯಾರ್ಥಿ ಖಾತೆಗೆ ಮ್ಯಾನೇಜ್ ಡಾಕ್ಯುಮೆಂಟ್ಸ್ ಹಕ್ಕು ಕೊಡಿ. ಸಾಲಿನಲ್ಲಿ ನಿಂತ ಫೈಲನ್ನು, ಅದು ಬೇರೆಯವರದಾಗಿದ್ದರೂ, ಅವರೇ ತೆಗೆಯಬಹುದು. ಅದಕ್ಕೂ ಜಗ್ಗದಿದ್ದರೆ ರೀಸ್ಟಾರ್ಟ್ ಮಾಡಲು ಹೇಳಿ. ಉಳಿದದ್ದನ್ನು ಟಾಸ್ಕ್ ನೋಡಿಕೊಳ್ಳುತ್ತದೆ.

ಕಲಬುರಗಿ ಓದುಕೋಣೆ

ನಿನ್ನೆ ಸಂಜೆ ಮೂರೂ ಯಂತ್ರಗಳಿಗೆ ಹೊಸ ಸೆಲ್ ಹಾಕಿದೆ. ಇಂದು ಬೆಳಿಗ್ಗೆ ಮೂರರಲ್ಲೂ ದಿನಾಂಕ ಸರಿಯಾಗಿಯೇ ಇತ್ತು. ಗಡಿಯಾರದ ಸಾಲನ್ನು ಸ್ಕ್ರಿಪ್ಟಿನಿಂದ ತೆಗೆದಿದ್ದೇನೆ, ಈಗ ಸಿಸ್ಟಮ್ ಹೆಸರಿನಲ್ಲಿ ಓಡುವುದು ಸ್ಪೂಲರಿನ ಮೂರು ಸಾಲು ಮಾತ್ರ. ಬಾಗಿಲು ತೆರೆದ ಮೇಲೆ ಎಲ್ಲರೂ ಲಾಗಿನ್ ಆಗಿ ಕುಳಿತರು, ಯಾರೂ ನನ್ನನ್ನು ಕರೆಯಲಿಲ್ಲ. ಸಹಾಯ ಮಾಡಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮ್ಯಾನೇಜ್ ಡಾಕ್ಯುಮೆಂಟ್ಸ್ ಹಕ್ಕನ್ನು ಇಂದು ಮಧ್ಯಾಹ್ನ ಕೊಡುತ್ತೇನೆ.